ಗಂಟಿನಲ್ಲಿ ಏನಿತ್ತು

ಭಾಗ್ಯ,

ಸಿರಿ ನಿದ್ದೆ ಹೋದ ಮೇಲೆ ಇದನ್ನು ಓದು. ಇಂದ್ರೇಶ್ ಪಕ್ಕದಲ್ಲಿದ್ದರೂ ಪರವಾಗಿಲ್ಲ. ನಿನ್ನ ಗಂಡನಿಗೂ ಗೊತ್ತಾಗಬೇಕಾದ ಮಾತೇ ಇದು.

ನಿನ್ನೆ ಫೋನಿನಲ್ಲಿ ನೀನು ಅಂದೆ: "ಸೋಮವಾರ ಅಂಗಡಿ ಬಾಗ್ಲು ತೆಗೀತೀನಿ ಕಣೇ. ಇನ್ನೊಂದು ಗಂಟು ಕಟ್ಕೊಡು. ಈ ಸಲ ಮಗು ಕೈಗೆ ಸಿಗ್ದಂಗೆ ಮೇಲೆ ಕಟ್ತೀನಿ." ಆಗಲಿ ಎಂದುಬಿಟ್ಟೆ. ನನ್ನ ಬಾಯಿಗೆ ಮಣ್ಣು ಹಾಕ. ರಾತ್ರಿಯೆಲ್ಲ ಹೊರಳಾಡಿ ಈಗ ಬರೆಯಲು ಕೂತಿದ್ದೇನೆ.

ಅರಸೀಕೆರೆಯಲ್ಲಿ ನೀನು ಬ್ಲೌಸ್ ಹೊಲಿಯುವ ಅಂಗಡಿ ಇಟ್ಟಾಗ, ಲಕ್ಷ್ಮಿ ಬಂದು ನಿಲ್ಲಲಿ ಎಂದು ಆ ಗಂಟು ಕಟ್ಟಿಕೊಟ್ಟವಳು ನಾನೇ. ಹಳೇಬೀಡಿನ ನಮ್ಮ ಗ್ರಂಧಿಗೆ ಅಂಗಡಿಯಲ್ಲಿ, ಬೇರು-ನಾರು, ಪೂಜೆ ಸಾಮಾನಿನ ನಡುವೆ ಕೂತು ಅಮ್ಮ ಮೂವತ್ತು ವರ್ಷ ಕಟ್ಟಿಕೊಡುತ್ತ ಬಂದ ಗಂಟು ಅದು. ಅದರ ಕಟ್ಟಳೆ ನಿನಗೂ ಗೊತ್ತು. ಒಳಗೇನಿದೆ ಎಂದು ಪಡೆದವರು ಕೇಳಬಾರದು, ಕಟ್ಟಿದವರು ಹೇಳಬಾರದು; ಹೇಳಿದರೆ ಫಲ ಹೋಗುತ್ತದೆ. ನೀನು ಕೇಳಲೂ ಇಲ್ಲ. ಹಳದಿ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡು ಹೊಲಿಗೆ ಮಷಿನ್ನಿನ ಡ್ರಾಯರಿನಲ್ಲಿಟ್ಟೆ.

ಇವತ್ತು ಹೇಳುತ್ತೇನೆ, ಕೇಳು. ಲಾವಂಚದ ಬೇರು. ಮುಟ್ಟಿದರೆ ಮುನಿಯ ಬೇರು. ಅದಕ್ಕೆ ಹಿಂದಿನ ಸಂಜೆಯೇ ಹೋಗಿ ಗಿಡಕ್ಕೆ ಅರಿಶಿನದ ದಾರ ಕಟ್ಟಿ, "ನಾಳೆ ಬತ್ತೀನಿ, ಬೇಜಾರು ಮಾಡ್ಕೋಬೇಡ ತಾಯಿ" ಎಂದು ಹೇಳಿ ಬಂದು, ಭಾನುವಾರ ಕಬ್ಬಿಣ ತಾಗಿಸದೆ ಕಿತ್ತಿದ್ದೆ. ನಮ್ಮ ಕೆರೆಯ ಅಂಚಿನದೊಂದು ಬೆಣಚು ಕಲ್ಲು. ಆಮೇಲೆ, ಸೂಜಿಯಲ್ಲಿ ಚುಚ್ಚಿ ದಾರಕ್ಕೆ ಪೋಣಿಸಿದ ಐದು ಬಿಳಿ ಗುಲಗಂಜಿ. ಅದು ವಿಷ ಎಂದು ನನಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅದನ್ನು ಪೋಣಿಸಿದಾಗಲೆಲ್ಲ ಅಮ್ಮ ನನ್ನ ಕೈಯನ್ನು ಎರಡೆರಡು ಸಲ ತೊಳೆಸುತ್ತಿದ್ದಳು.

ಆ ಬುಧವಾರ ಹನ್ನೊಂದು ಗಂಟೆಗೆ ನಿನ್ನ ಫೋನು ಬಂತು. "ಮಾಲಿನಿ, ಸಿರಿ ಗಂಟು ಬಿಚ್ಚವ್ಳೆ ಕಣೇ. ಏನೋ ಬಾಯಿಗೆ ಹಾಕ್ಕೊಂಡು ಅಗ್ದವ್ಳೆ. ನನ್ನ ಬ್ಲೌಸಿನ ಮಣಿನೂ ನೆಲದ ತುಂಬ ಚೆಲ್ಲೈತೆ, ಯಾವ್ದು ಏನೂಂತ ಗೊತ್ತಾಯ್ತಿಲ್ಲ. ಡಾಕ್ಟ್ರು ಕೇಳ್ತಾವ್ರೆ, ಅದ್ರಲ್ಲಿ ಏನೇನಿತ್ತು ಹೇಳೇ!"

ಅಮ್ಮ ಎದುರಿಗೇ ಕೂತಿದ್ದಳು. ಬೇಡ ಎಂದು ತಲೆಯಾಡಿಸಿದಳು. ನಾನು ಅಂದೆ: "ಬೇರು, ಒಂದು ಕಲ್ಲು, ಅಷ್ಟೇ ಕಣೇ. ಹೆದರ್ಕೋಬೇಡ."

ತಪ್ಪನ್ನು ಅಮ್ಮನ ತಲೆಗೆ ಕಟ್ಟಲಾರೆ. ಫಲ ಹೋಗುತ್ತದೆಂಬ ಭಯ ಅವಳದು. ನನ್ನ ಭಯ ಬೇರೆ: ಮಾಲಿನಿ ಗಂಟಿನಲ್ಲಿ ವಿಷ ಇಡುತ್ತಾಳೆಂದು ಊರಿಗೆಲ್ಲ ಗೊತ್ತಾದರೆ ನನ್ನ ಅಂಗಡಿಯ ಮೆಟ್ಟಿಲು ಯಾರು ಹತ್ತುತ್ತಾರೆ?

ನನ್ನ ಮಾತು ನಂಬಿ ಡಾಕ್ಟರು ಬಾಳೆಹಣ್ಣು ತಿನ್ನಿಸಿ ಎಂದು ನಿಮ್ಮನ್ನು ಮನೆಗೆ ಕಳಿಸಿದರು. ನಾನು ಹನ್ನೊಂದೂ ಮುಕ್ಕಾಲಿನ ಬಸ್ಸು ಹತ್ತಿದೆ. ಯಾಕೆ ಗೊತ್ತೇ? ನಿನ್ನ ಅಂಗಡಿಯ ನೆಲದಲ್ಲಿ ಗುಲಗಂಜಿ ಹುಡುಕಲು. ಐದೂ ಸಿಕ್ಕಿದರೆ ಸದ್ದಿಲ್ಲದೆ ಸೆರಗಿಗೆ ಕಟ್ಟಿಕೊಂಡು ಬರೋಣ, ಯಾರಿಗೂ ಏನೂ ಹೇಳುವುದು ಬೇಡ ಎಂದುಕೊಂಡಿದ್ದೆ. ಜಾವಗಲ್ಲಿನಲ್ಲಿ ಮಗುವೊಂದು ತಾಯಿಯ ಜೊತೆ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತಿತು. ಹುರಿಗಡಲೆಯನ್ನು ಕಟಕಟ ಅಗಿಯತೊಡಗಿತು. ಆ ಸದ್ದು ಕೇಳಿ, ಸಿರಿ ಅಗಿದದ್ದೂ ಹೀಗೇ ಎನಿಸಿತು. ನಿನಗೆ ಫೋನು ಮಾಡಿ ಗುಲಗಂಜಿ ಎಂದು ಕೂಗಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಆಗ ಹನ್ನೆರಡೂ ಹತ್ತು.

ನೀನು ಮಗುವನ್ನು ಎತ್ತಿಕೊಂಡು ಹಾಸನದ ದೊಡ್ಡಾಸ್ಪತ್ರೆಗೆ ಓಡಿದೆ. ದಾರಿಯಲ್ಲೇ ವಾಂತಿ, ಆಮೇಲೆ ರಕ್ತ. ಐದು ದಿನ ಆ ಪುಟ್ಟ ಕೈಗೆ ಸೂಜಿ. ನಾಲ್ಕನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದುಕೊಂಡು ಅಂದೆ: "ಒಂದ್ಗಂಟೆ ಮುಂಚೆ ಗೊತ್ತಾಗಿದ್ರೆ ಹೊಟ್ಟೆ ತೊಳ್ದುಬಿಡ್ತಿದ್ರಂತೆ, ಇಷ್ಟು ಆಗ್ತಿರ್ಲಿಲ್ವಂತೆ. ಏನ್ಮಾಡದು, ನಿಂಗೆ ನೆನಪಾದಾಗ ತಾನೇ ನೀನು ಹೇಳೋದು. ನಿನ್ನಿಂದ್ಲೇ ನನ್ನ ಮಗು ಉಳೀತು ಕಣೇ."

ನನಗೆ ಆಮೇಲೆ ನೆನಪಾದದ್ದಲ್ಲ, ಭಾಗ್ಯ. ನಾನು ಮರೆತೇ ಇರಲಿಲ್ಲ. ಆ ಒಂದು ಗಂಟೆ ಹತ್ತು ನಿಮಿಷ ಸಿರಿಯ ಜೀವಕ್ಕಿಂತ ನನ್ನ ಅಂಗಡಿ ನನಗೆ ದೊಡ್ಡದಾಗಿತ್ತು.

ಗಂಟು ಕೊಟ್ಟ ಮನೆಗಳಿಗೆಲ್ಲ ನಾಲ್ಕು ದಿನದಿಂದ ಹೋಗಿ ಬಿಚ್ಚಿಸುತ್ತಿದ್ದೇನೆ. ಬೇಲೂರಿನ ಮಾದಮ್ಮ, "ಒಳಗಿದ್ದ ಲಕ್ಷ್ಮೀನ ಬೀದಿಗೆ ಎಳೀತೀಯೇನೇ?" ಎಂದು ಪೊರಕೆ ಹಿಡಿದಳು. ಅವಳ ಮೊಮ್ಮಗ ಅಲ್ಲೇ ಅಂಬೆಗಾಲಿಡುತ್ತಿದ್ದ. ಅವಳು ಬೈಯುತ್ತಿರುವಾಗಲೇ ಬಿಚ್ಚಿದೆ. ಇನ್ನು ಮೂರು ಮನೆ ಉಳಿದಿವೆ. ಅಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನಿನ್ನ ಅಂಗಡಿಯ ನೆಲದಲ್ಲಿ ಆವತ್ತು ನನಗೆ ಸಿಕ್ಕಿದ್ದು ಎರಡೇ ಗುಲಗಂಜಿ. ಮಗು ಎರಡು ಅಗಿದಿದೆ ಎಂದರು ಡಾಕ್ಟರು. ಐದನೆಯದು ಎಲ್ಲಿದೆಯೋ ಗೊತ್ತಿಲ್ಲ. ಸೋಮವಾರ ಬಾಗಿಲು ತೆಗೆಯುವ ಮೊದಲು ಮಷಿನ್ನು ಸರಿಸಿ, ಮಣಿ ಡಬ್ಬಗಳನ್ನೆಲ್ಲ ಸುರಿದು ಹುಡುಕು. ಅದು ಸಿಗುವ ತನಕ ಸಿರಿಯನ್ನು ಒಳಗೆ ಬಿಡಬೇಡ. ಕರೆದರೆ ನಾನೇ ಬಂದು ಮೊಣಕಾಲೂರಿ ಹುಡುಕುತ್ತೇನೆ. ಕರೆಯದಿದ್ದರೆ ಅದೂ ನ್ಯಾಯವೇ.

ಈ ಪತ್ರದ ಜೊತೆ ಗಂಟು ಕಳಿಸುತ್ತಿಲ್ಲ. ನಿನ್ನ ಸಿರಿ ನೂರು ವರ್ಷ ಬಾಳಲಿ, ನಿನ್ನ ಅಂಗಡಿಯ ತುಂಬ ಓಡಾಡಲಿ.

ಏನನ್ನೂ ಮರೆತಿರದ,
ಮಾಲಿನಿ