ಮುಚ್ಚಳ ಇಟ್ಟ ಎಲೆ

ಮಾರ್ಚ್ 3, ಭಾನುವಾರ. ಸಂಜೆ 6

ಎರಡನೇ ಸುತ್ತು ಮುಗಿಯಿತು. ಇಪ್ಪತ್ತನಾಲ್ಕು ಜನರಲ್ಲಿ ಹನ್ನೊಂದು ಮಂದಿ ಉಳಿದರು. ಬೆರಳ ತುದಿ ಉರಿಯುತ್ತಿದೆ. ಬೆಳಗ್ಗೆ ಹತ್ತರಿಂದ ಇಸ್ಪೀಟ್ ಎಲೆ ಕಲೆಸು, ಹಂಚು, ಎಳೆದುಕೋ, ಮತ್ತೆ ಕಲೆಸು. ಊಟಕ್ಕೆ ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಕಲಮಪ್ಪನ ಪ್ರವಚನ.

ಕಲಮಪ್ಪ ಅಂದರೆ ಕ್ಲಬ್ಬಿನ ಕಾರ್ಯದರ್ಶಿ. ಹೆಸರು ನಾನಿಟ್ಟದ್ದು. ಕಾರ್ಯದರ್ಶಿ ಅಂತ ಬರೆದರೆ ಮನುಷ್ಯನಿಗೆ ಮರ್ಯಾದೆ ಜಾಸ್ತಿಯಾಗುತ್ತದೆ. ಪೋಕರ್ ಟೂರ್ನಮೆಂಟಿಗೆ ಇಪ್ಪತ್ತೆರಡು ಕಲಂ ಬರೆದು, ಲ್ಯಾಮಿನೇಟ್ ಮಾಡಿಸಿ, ಗೋಡೆಗೆ ಹೊಡೆಸಿದ್ದಾನೆ. ಅದನ್ನು ಪೂರ್ತಿ ಓದಿದವಳು ಇಡೀ ಕ್ಲಬ್ಬಿನಲ್ಲಿ ನಾನೊಬ್ಬಳೇ. ಹತ್ತನೇ ಕ್ಲಾಸು ದಾಟದವಳು. ಉಳಿದವರೆಲ್ಲ ಡಿಗ್ರಿ.

ಕಲಂ ಏಳು: ಚಿಪ್ಸನ್ನು, ಅಂದರೆ ಪಣದ ಬಿಲ್ಲೆಗಳನ್ನು, ಒಂದೇ ಸಲ ಮುಂದಿಡತಕ್ಕದ್ದು. ಹಲ್ಲು ಡಾಕ್ಟರ ಇವತ್ತು ಆರು ಸಲ ಮುರಿದ. ಸ್ವಲ್ಪ ಇಡುತ್ತಾನೆ, ಎದುರಿನವರ ಮುಖ ಅರಳುತ್ತದೋ ಬಾಡುತ್ತದೋ ನೋಡುತ್ತಾನೆ, ಆಮೇಲೆ ಇನ್ನಷ್ಟು ಇಡುತ್ತಾನೆ. ಆದರೆ ಆತ ಕ್ಲಬ್ಬಿನ ಅಧ್ಯಕ್ಷ. ಹಾಗಾಗಿ ಸರಿಯಾಗಿ ಆ ಹೊತ್ತಿಗೆ ಕಲಮಪ್ಪನಿಗೆ ಫ್ಯಾನು ತಿರುಗುತ್ತಿದೆಯೋ ಇಲ್ಲವೋ ನೋಡುವ ಕೆಲಸ ಬರುತ್ತದೆ.

ಕಲಂ ಒಂಬತ್ತು: ಎಲೆ ಬಿಸಾಕಿದವನು ಆ ಆಟ ಮುಗಿಯುವ ತನಕ ಸುಮ್ಮನಿರತಕ್ಕದ್ದು. ಸಿಮೆಂಟ್ ಅಂಗಡಿಯವನು ಬಿಸಾಕಿದ ಕೂಡಲೇ ಹಣೆ ಚಚ್ಚಿಕೊಂಡ. “ಅಯ್ಯೋ, ರಾಣಿ ಬಿಸಾಕಿಬಿಟ್ನಲ್ಲ...” ಇನ್ನೂ ಆಡುತ್ತಿರುವವರಿಗೆಲ್ಲ ಒಂದು ರಾಣಿ ಹೋಯಿತು ಅಂತ ಪುಕ್ಕಟೆ ಸುದ್ದಿ.

“ಸರ್, ಕಲಂ ಒಂಬತ್ತು,” ಅಂದೆ.

ಕಲಮಪ್ಪ ಸಿಮೆಂಟಿನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ. “ಕಲಂ ಹದಿನಾಲ್ಕು, ಏನಮ್ಮ?”

ಡೀಲರ್ ಆದವರು, ಅಂದರೆ ಎಲೆ ಹಂಚುವ ನಾನು, ಕೇಳಿದಾಗ ಮಾತ್ರ ಮಾತನಾಡತಕ್ಕದ್ದು.

ದುಡ್ಡಿನ ಆಟವಾಗಿದ್ದರೆ ಒಂದು ಮಾತು. ಇಲ್ಲಿ ಗೆದ್ದವನ ಹೆಸರನ್ನು ಗೋಡೆಯ ಹಲಗೆ ಮೇಲೆ ಬಂಗಾರದ ಬಣ್ಣದಲ್ಲಿ ಬರೆಸುತ್ತಾರೆ, ಅಷ್ಟೇ. ಹನ್ನೆರಡು ವರ್ಷದ ಹನ್ನೆರಡು ಸಾಲು. ಐದು ಡಾಕ್ಟರನದೇ.

ಮಾರ್ಚ್ 5

ಕೋಟಿನ ತೋಳು ಬೆರಳ ಗೆಣ್ಣಿನ ತನಕ ಬರುತ್ತದೆ. ಹಿಂದಿನ ಡೀಲರ್‌ನದು, ಅವನು ಬಿದಿರಿನ ಹಾಗಿದ್ದನಂತೆ. ಅಮ್ಮ ಟೈಲರ್. ಹತ್ತು ನಿಮಿಷದ ಕೆಲಸ ಅವಳಿಗೆ. ಕಲಮಪ್ಪ ಒಪ್ಪಲಿಲ್ಲ. “ಕೋಟು ಕ್ಲಬ್ಬಿಂದು. ನೀನು ಖಾಯಂ ಆದ್ಮೇಲೆ ಕತ್ತರಿಸೋಣ. ಆಗದೆ ಹೋದ್ರೆ?”

ಅಮ್ಮನಿಗೆ ಈ ‘ಆಗದೆ ಹೋದ್ರೆ’ ಬಹಳ ಹಿಡಿಸಿತು. ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿ ಶಾಲೆಗೆ ಮತ್ತೆ ಸೇರುವ ಫಾರ್ಮ್ ಇಟ್ಟುಕೊಂಡೇ ಕೂತಿದ್ದಾಳೆ.

“ಮೂರು ತಿಂಗಳು ನೋಡ್ತೀನಿ ಅಂದಿದ್ದೆ. ಟೂರ್ನಮೆಂಟ್ ಮುಗಿಯೋದ್ರೊಳಗೆ ಖಾಯಂ ಆದ್ರೆ ನಾನು ಬಾಯಿ ಮುಚ್ಕೊಂಡಿರ್ತೀನಿ. ಇಲ್ದಿದ್ರೆ ಫಾರ್ಮ್ ತುಂಬ್ತೀಯ.”

“ಹೂಂ.”

“ಹೂಂ ಅಲ್ಲ ಕಣೇ. ಮಾತು ಕೊಡು.”

ಕೊಟ್ಟೆ. ಕೊಟ್ಟ ಮಾತು ತಪ್ಪುವವಳಲ್ಲ ಅಂತ ಅವಳಿಗೆ ಗೊತ್ತು. ಅದನ್ನೇ ಹಿಡಿದು ಕೂತಿದ್ದಾಳೆ.

ಮತ್ತೆ ಆ ಬೆಂಚಿನಲ್ಲಿ ಕೂರುವುದಕ್ಕಿಂತ ಈ ಪೆದ್ದರಿಗೆ ಸಾಯುವ ತನಕ ಎಲೆ ಹಂಚುತ್ತೇನೆ. ಹತ್ತನೇ ಕ್ಲಾಸಿನ ಒಂದು ಪರೀಕ್ಷೆಯಲ್ಲಿ ಇಡೀ ಕ್ಲಾಸು ನಕಲು ಮಾಡಿತ್ತು. ಟೀಚರೇ ಕಿಟಕಿ ಕಡೆ ಮುಖ ಮಾಡಿ ನಿಂತಿದ್ದರು. ಆಮೇಲೆ ದೂರು ಹೋಯಿತು. ‘ನಕಲು ಮಾಡಿಲ್ಲ’ ಅಂತ ಎಲ್ಲರೂ ಬರೆದು ಸಹಿ ಹಾಕಿ ಅಂದರು. ನಲವತ್ತೊಂದು ಜನ ಹಾಕಿದರು. ನಾನು ‘ಮಾಡಿದ್ದೇನೆ’ ಅಂತ ಬರೆದೆ. ನನ್ನನ್ನು ಒಂದು ವಾರ ಹೊರಗೆ ಹಾಕಿದರು. ವಾರದ ಮೇಲೆ ಹೋಗಲೇ ಇಲ್ಲ.

ಮಾರ್ಚ್ 10, ಭಾನುವಾರ

ಏಳು ಜನ ಉಳಿದರು.

ಪ್ರತಿ ಆಟಕ್ಕೂ ಮೊದಲು ನಾನು ಎರಡೂ ಅಂಗೈ ತೆರೆದು ತೋರಿಸಬೇಕು, ಏನೂ ಅಡಗಿಸಿಲ್ಲ ಅಂತ. ನೋಡುವವರು ಒಬ್ಬರೇ — ವಾಚಿನ ತಾತ. ಮಾರ್ಕೆಟ್ ಮೂಲೆಯಲ್ಲಿ ವಾಚ್ ರಿಪೇರಿ ಅಂಗಡಿ ಇಟ್ಟವರು. ನೋಡಿ ತಲೆ ಅಲ್ಲಾಡಿಸುತ್ತಾರೆ. ಇಡೀ ಹಾಲ್‌ನಲ್ಲಿ ಬಹುವಚನಕ್ಕೆ ಯೋಗ್ಯ ಜೀವ ಅದೊಂದೇ.

ಸರದಿ ಬರುವ ತನಕ ಚಿಪ್ಸು ಮುಟ್ಟುವುದಿಲ್ಲ. ಸೋತರೆ ಎಲೆ ಎಸೆಯುವುದಿಲ್ಲ, ಜಾರಿಸುತ್ತಾರೆ. ಗೆದ್ದರೆ ‘ಕ್ಷಮಿಸಿ’ ಅನ್ನುವ ಹಾಗೆ ಕೆಮ್ಮುತ್ತಾರೆ. ತಮ್ಮ ಎರಡು ಎಲೆಯ ಮೇಲೆ ಯಾವುದೋ ಹಳೆ ಗಡಿಯಾರದ ಹಿತ್ತಾಳೆ ಮುಚ್ಚಳ ಇಡುತ್ತಾರೆ. ಅದು ಕಲಂ ಹನ್ನೊಂದಕ್ಕಾಗಿ: ಎಲೆ ಕಾಯುವುದು ಆಟಗಾರನ ಹೊಣೆ. ಮೇಲೆ ಏನೂ ಇಡದ ಎಲೆಯನ್ನು ಡೀಲರ್ ತಪ್ಪಿ ಎಳೆದುಕೊಂಡರೆ ಅದು ಸತ್ತ ಎಲೆ, ಕೇಳುವ ಹಾಗಿಲ್ಲ. ಇಟ್ಟಿದ್ದೂ ಎಳೆದುಕೊಂಡರೆ ತಪ್ಪು ಡೀಲರ್‌ದು. ಆ ಆಟವನ್ನು ಮತ್ತೆ ಹಂಚತಕ್ಕದ್ದು, ಡೀಲರ್ ಅಂದೇ ಮನೆಗೆ. ಬಿದಿರಿನಂಥವನು ಹೋದದ್ದು ಹಾಗೆ.

ಚಹಾ ಹೊತ್ತಿಗೆ ತಾತ ಹಲಗೆಯ ಕೆಳಗೆ ನಿಂತಿದ್ದರು.

“ಎಷ್ಟು ಸಲ ಕೊನೇ ಮೇಜಿಗೆ ಬಂದಿದ್ದೀರಿ ತಾತ?”

“ನಾಲ್ಕು. ನಾಲ್ಕೂ ಸಲ ಎರಡನೆಯವನು. ಎರಡನೆಯವನ ಹೆಸರು ಬರೆಯೋಕೆ ಪೇಂಟ್ ಸಾಲಲ್ವಂತೆ.” ನಕ್ಕರು. ಆಮೇಲೆ ಹಲಗೆಯ ಖಾಲಿ ಜಾಗದ ಮೇಲೆ ಬೆರಳಾಡಿಸಿ, ಯಾರಾದರೂ ನೋಡಿದರೋ ಅಂತ ತಿರುಗಿದರು. ನೋಡದ ಹಾಗೆ ಲೋಟ ಎತ್ತಿಕೊಂಡೆ.

ಮಾರ್ಚ್ 24, ಭಾನುವಾರ

ಮುಗಿಯಿತು. ಇವತ್ತು ಬರೆಯುವುದಿಲ್ಲ.

ಮಾರ್ಚ್ 26

ಬರೆಯಲೇಬೇಕು. ಬರೆಯದಿದ್ದರೆ ಅದೂ ಸುಳ್ಳೇ.

ಮೂವರು ಉಳಿದಿದ್ದರು. ಡಾಕ್ಟರ, ಸಿಮೆಂಟು, ತಾತ. ಹನ್ನೊಂದೂವರೆ ಗಂಟೆ, ಮೇಜಿನ ಮೇಲೆ ಕಿಟಕಿಯ ಬಿಸಿಲು. ತಲಾ ಎರಡು ಎಲೆ ಹಂಚಿದೆ. ತಾತ ಮೂಲೆ ಎತ್ತಿ ನೋಡಿದರು. ಮುಚ್ಚಳ ಇಟ್ಟರು. ಇದ್ದ ಚಿಪ್ಸನ್ನೆಲ್ಲ ಎರಡೂ ಕೈಯಿಂದ ಒಂದೇ ಸಲ ಮುಂದೆ ತಳ್ಳಿದರು.

“ಎಲ್ಲ,” ಅಂದರು. ಮೂರು ತಿಂಗಳಲ್ಲಿ ಅವರ ಬಾಯಲ್ಲಿ ಆ ಪದ ಮೊದಲ ಸಲ.

ಡಾಕ್ಟರ ‘ಕಾಲ್’ ಅಂದ, ಅಂದರೆ ತಾನೂ ಅಷ್ಟೇ ಇಡುತ್ತೇನೆ ಅಂತ. ಸಿಮೆಂಟು ಬೆವರೊರೆಸಿಕೊಂಡು ಎಲೆ ಬಿಸಾಕಿದ. ಇನ್ನು ಇಬ್ಬರೂ ಎಲೆ ತೆರೆದಿಡಬೇಕು, ತಡ ಮಾಡಬಾರದು. ಅದು ಕಲಮ್ಮಿಗಿಂತ ಮೊದಲು ಮನುಷ್ಯತ್ವ. ಡಾಕ್ಟರ ಎದ್ದು ನಿಂತ. ಎಲೆ ಎದೆಗೆ ಒತ್ತಿಕೊಂಡು ಕುರ್ಚಿಗೊಂದು ಸುತ್ತು ಬಂದ. “ತೋರಿಸ್ಲಾ? ಬೇಡ್ವಾ? ತಾತನ ಎದೆ ಗಟ್ಟಿ ಇದೆಯೇನ್ರಪ್ಪ?” ಹಲ್ಲು ಕೀಳಿಸಿಕೊಳ್ಳುವವರ ಮುಂದೂ ಹೀಗೇ ಕುಣಿಯುತ್ತಾನೋ ಏನೋ. ಎಲ್ಲರ ಕಣ್ಣೂ ಅವನ ಮೇಲೆ. ನನ್ನದೂ. ಅಲ್ಲೇ ಎಡವಟ್ಟಾದದ್ದು.

ಅವನನ್ನು ನೋಡುತ್ತಲೇ ಕೈ ಚಾಚಿ ಸಿಮೆಂಟಿನ ಎಲೆ ಎಳೆದುಕೊಂಡೆ. ಪಕ್ಕದಲ್ಲಿ ತಾತ. ಕೋಟಿನ ತೋಳು ಮುಚ್ಚಳಕ್ಕೆ ಸಿಕ್ಕಿತು. ಮುಚ್ಚಳ ತಾತನ ಮಡಿಲಿಗೆ, ಎಲೆಗಳು ನನ್ನ ತೋಳಿನೊಂದಿಗೆ ಬಿಸಾಕಿದ ರಾಶಿಗೆ. ಕಣ್ಣು ಮಿಟುಕಿಸುವಷ್ಟರಲ್ಲಿ. ಆ ರಾಶಿಯಲ್ಲಿ ಬೆರೆತ ಮೇಲೆ ಯಾವ ಎಲೆ ಯಾರದು, ಬ್ರಹ್ಮನೂ ಹೇಳಲಾರ.

ಡಾಕ್ಟರ ಎರಡು ರಾಜ ತೆರೆದಿಟ್ಟ. “ತಾತನ ಎಲೆ ಎಲ್ಲಿ?”

ಕಲಮಪ್ಪ ಬಂದ.

“ಸರ್, ಮುಚ್ಚಳ—”

“ಹದಿನಾಲ್ಕು.” ನನ್ನ ಕಡೆ ಬೆರಳು. ತಾತನ ಕಡೆ ಮುಖ. “ಯಜಮಾನ್ರೇ, ಎಲೆ ಮೇಲೆ ಮುಚ್ಚಳ ಇಟ್ಟಿದ್ರಾ?”

ತಾತ ನನ್ನ ತೋಳು ನೋಡಿದರು. ಬೆರಳ ತನಕ ಇಳಿದ ತೋಳು. ಮಡಿಲಲ್ಲಿದ್ದ ಕೈ ಮುಚ್ಚಳದ ಮೇಲೆ ಮುಷ್ಟಿಯಾಯಿತು.

“ಇಲ್ಲ. ಮರೆತೆ.”

ಸತ್ತ ಎಲೆ. ಚಿಪ್ಸೆಲ್ಲ ಡಾಕ್ಟರನಿಗೆ. ತಾತ ಎದ್ದು ಕುರ್ಚಿ ಒಳಗೆ ತಳ್ಳಿ ಎಲ್ಲರಿಗೂ ಕೈ ಮುಗಿದು ಹೋದರು. ಎರಡು ಆಟದಲ್ಲಿ ಸಿಮೆಂಟೂ ಮುಗಿದ.

ನಾನು ಸುಮ್ಮನಿದ್ದೆ. ಕಲಂ ಹದಿನಾಲ್ಕಕ್ಕೆ ಹೆದರಿ ಅಲ್ಲ. ‘ಖಾಯಂ’ ಅನ್ನುವ ಪದ ಬಂದು ನಾಲಿಗೆ ಮೇಲೆ ಕೂತಿತ್ತು. ಇಷ್ಟು ದಿನ ಊರವರಿಗೆಲ್ಲ ಉಗಿದೆ. ಇವತ್ತು ಕನ್ನಡಿಗೆ.

ಮಾರ್ಚ್ 28. ಮಧ್ಯಾಹ್ನ

ತಾತನ ಅಂಗಡಿಗೆ ಹೋದೆ. ನಾಲ್ಕು ಜನ ನಿಂತರೆ ತುಂಬುವ ಜಾಗ. ಗೋಡೆ ತುಂಬ ಗಡಿಯಾರ, ಒಂದೊಂದರಲ್ಲಿ ಒಂದೊಂದು ಹೊತ್ತು.

“ಯಾಕೆ ಸುಳ್ಳು ಹೇಳಿದ್ರಿ?”

ಕಣ್ಣಿಗೆ ಸಿಕ್ಕಿಸಿಕೊಂಡ ಗಾಜು ತೆಗೆಯಲೇ ಇಲ್ಲ. “ರಿಪೇರಿಗೆ ತಂದಿದ್ದೀಯಾ ಏನಾದ್ರೂ?”

“ತಾತ.”

“ನಿಂಗೆ ಕೆಲಸ ಬೇಕಿತ್ತು. ನಂಗೆ ಹಲಗೆ ಬೇಕಿತ್ತು. ನಂಗೆ ಎಪ್ಪತ್ಮೂರು ವರ್ಷ, ಮಗು. ಯಾರದು ದೊಡ್ಡದು ಅಂತ ಯೋಚನೆ ಮಾಡೋಕೆ ಎಷ್ಟು ಹೊತ್ತು ಬೇಕು?”

“ತಪ್ಪು ನಂದು. ಅದನ್ನ ನೀವು ಹೇಗೆ ಹೊತ್ಕೊಳ್ತೀರಿ?”

ಗಾಜು ತೆಗೆದರು. “ಬಾಯಿ ಬಲು ಉದ್ದ ನಿಂದು. ಯಾರ ಹತ್ರಾನೂ ಹೇಳ್ಬೇಡ. ಈ ವಯಸ್ಸಲ್ಲಿ ಸುಳ್ಳುಗಾರ ಅನ್ನಿಸ್ಕೊಳೋಕೆ ಇಷ್ಟ ಇಲ್ಲ.”

“ಹೇಳಿದ್ದು ಸುಳ್ಳೇ ಅಲ್ವಾ?”

“ಹೌದು. ಅದಕ್ಕೇ.”

ಮಾತು ಕೊಡಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದೆ, “ಎಲೆ ಯಾವುದಿತ್ತು?”

“ಸತ್ತ ಎಲೆ ಹೆಸರು ಕೇಳಬಾರದು. ಅದು ಆಟದ ಮರ್ಯಾದೆ ಅಲ್ಲ.”

ಮರ್ಯಾದೆಯಂತೆ. ಈ ಒಂದು ಪದದ ಕೆಳಗೆ ಏನೇನು ಅಡಗಿಸುತ್ತಾರೆ ಈ ಜನ. ಒಳ್ಳೆಯವರೂ.

ಏಪ್ರಿಲ್ 2

ಪತ್ರ ಬಂತು. ಖಾಯಂ. ‘ಶಿಸ್ತು ಮತ್ತು ಮೌನವನ್ನು ಮೆಚ್ಚಿ’ ಅಂತ ಬರೆದಿದ್ದಾನೆ ಕಲಮಪ್ಪ.

ಅಮ್ಮ ಪತ್ರ ಎರಡು ಸಲ ಓದಿದಳು. ಕತ್ತರಿ ತಂದಳು. “ಕೊಡು, ತೋಳು ಕತ್ತರಿಸ್ತೀನಿ. ಮಾತು ಅಂದ್ರೆ ಮಾತು.”

“ಇರಲಿ ಬಿಡು.”

“ಯಾಕೇ? ಖಾಯಂ ಆಯ್ತಲ್ಲ.”

“ಭಾನುವಾರದ ತನಕ ಇರಲಿ.”

ಅಮ್ಮ ನನ್ನ ಮುಖವನ್ನೇ ನೋಡಿದಳು. ಕತ್ತರಿ ಒಳಗಿಟ್ಟಳು. ಫಾರ್ಮನ್ನು ಡ್ರಾಯರಿನಿಂದ ತೆಗೆದು ಹರಿಯಲು ಹೋದವಳು ಹರಿಯಲಿಲ್ಲ.

ಏಪ್ರಿಲ್ 7, ಭಾನುವಾರ. ಸಂಜೆ 5

ಬಹುಮಾನದ ಸಮಾರಂಭ. ಮಡಚುವ ಕುರ್ಚಿ, ಹೂಗುಚ್ಛ, ಬಿಸ್ಕತ್ತು. ಹಲಗೆಯ ಮೇಲೆ ಡಾಕ್ಟರನ ಹೆಸರು ಆರನೇ ಸಲ, ಹೊಸ ಬಣ್ಣ ಫಳಫಳ. ಅವನ ಭಾಷಣ ಇಪ್ಪತ್ತು ನಿಮಿಷ. ‘ಗೆಲುವಿಗಿಂತ ನಡವಳಿಕೆ ಮುಖ್ಯ.’ ಬಿಸ್ಕತ್ತು ಗಂಟಲಲ್ಲಿ ಸಿಕ್ಕಿಕೊಂಡಿತು. ತಾತ ಕೊನೇ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದರು.

ಆಮೇಲೆ ಡಾಕ್ಟರನ ಹೆಂಡತಿ ನನ್ನ ಹತ್ತಿರ ಬಂದರು. ಪಾಪದ ಹೆಂಗಸು. ದನಿ ಮಾತ್ರ ದೊಡ್ಡದು.

“ನೀನೇ ಅಲ್ವಾ ಎಲೆ ಹಂಚಿದ್ದು? ಇವರು ಮನೇಲಿ ದಿನಕ್ಕೊಂದು ಥರ ಹೇಳ್ತಾರೆ. ನಿಜವಾಗ್ಲೂ ಹೇಗೆ ಗೆದ್ರು, ನೀನೇ ಹೇಳಮ್ಮ.”

ಹಾಲ್ ಇಡೀ ನಗುತ್ತ ತಿರುಗಿತು. ಕಲಮಪ್ಪನೂ.

ಕಲಂ ಹದಿನಾಲ್ಕು. ಕೇಳಿದಾಗ ಮಾತನಾಡತಕ್ಕದ್ದು.

“ತಾತ ಎಲೆ ಮೇಲೆ ಮುಚ್ಚಳ ಇಟ್ಟಿದ್ರು. ನನ್ನ ತೋಳು ಸಿಕ್ಕಿ ಅದು ಬಿತ್ತು. ಎಲೆ ಎಳೆದುಕೊಂಡದ್ದು ನಾನು. ನನ್ನ ಕೆಲಸ ಉಳಿಸೋಕೆ ತಾತ ಇಟ್ಟಿರಲಿಲ್ಲ ಅಂದ್ರು. ನಾನು ಸುಮ್ಮನಿದ್ದೆ.”

ಕೋಟು ಬಿಚ್ಚಿ ಮೇಜಿನ ಮೇಲಿಟ್ಟೆ, ಮಡಚಿ. ಯಾರೂ ಹೇಳುವ ಮೊದಲೇ.

ಡಾಕ್ಟರ ಹಲಗೆ ನೋಡಿದ. “ಆಗಿದ್ದು ಆಯ್ತಲ್ಲ. ಪೇಂಟ್ ಒಣಗಿದೆ,” ಅಂದ. ಸಿಮೆಂಟು ಹೌದೌದು ಅಂದ. ಕಲಮಪ್ಪ ಫ್ಯಾನು ನೋಡಿದ. ಹೀಗೇ ಆಗುತ್ತದೆ ಅಂತ ಗೊತ್ತಿತ್ತು.

ಗೊತ್ತಿರದಿದ್ದದ್ದು ಇನ್ನೊಂದು. ಎಲ್ಲರೂ ತಾತನ ಕಡೆ ನೋಡಿದರು. ಕಿವಿ ಕೆಂಪಗಾಗಿತ್ತು ಅವರಿಗೆ. ಲೋಟ ಕೆಳಗಿಟ್ಟು ಎದ್ದರು. ನನ್ನ ಪಕ್ಕ ಹಾದು ಹೋಗುವಾಗ ನಿಲ್ಲಲಿಲ್ಲ.

“ಹೇಳ್ಬೇಡ ಅಂದಿದ್ದೆ.”

ಅಷ್ಟೇ. ನಿಜ ಹೇಳಿದ್ದಕ್ಕೆ ನನಗೆ ಹಗುರಾಗಬೇಕಿತ್ತು. ಆಗಲಿಲ್ಲ.

ಏಪ್ರಿಲ್ 8, ಸೋಮವಾರ. ಬೆಳಗ್ಗೆ 8

ಕೆಲಸ ಇಲ್ಲ, ಫಾರ್ಮ್ ತುಂಬುತ್ತಿದ್ದೇನೆ. ಮಾತು ಅಂದರೆ ಮಾತು. ‘ಶಾಲೆ ಬಿಟ್ಟ ಕಾರಣ’ — ಒಂದು ಗೆರೆ ಜಾಗ. ‘ನಕಲು ಮಾಡಿದ್ದು ನಿಜ ಅಂತ ಬರೆದದ್ದಕ್ಕೆ.’

ಅಮ್ಮ ಹಿಂದಿನಿಂದ ಬಗ್ಗಿ ನೋಡಿದಳು. “ಅಯ್ಯೋ ಮಾರಾಯ್ತಿ, ಜ್ವರ ಬಂದಿತ್ತು ಅಂತ ಹಾಕೇ.”

“ಮೂರು ವರ್ಷ ಜ್ವರನಾ?”

ಬಾಗಿಲು ತಟ್ಟಿದ ಸದ್ದು. ಅಮ್ಮ ಹೋದಳು.

8.20

ತಾತ. ಮುಖದಲ್ಲಿ ಸಿಟ್ಟು ಇಳಿದಿಲ್ಲ. ನನ್ನ ಕಡೆ ನೋಡುತ್ತಲೂ ಇಲ್ಲ. ಅಮ್ಮನ ಬಟ್ಟೆ ಕತ್ತರಿಸುವ ಮೇಜು ಖಾಲಿ ಮಾಡಿಸಿ ಒಂದು ಹಳೆ ಇಸ್ಪೀಟ್ ಕಟ್ಟು ಇಟ್ಟಿದ್ದಾರೆ. ಪಕ್ಕದಲ್ಲಿ ಹಿತ್ತಾಳೆ ಮುಚ್ಚಳ. ಚಿಪ್ಸಿನ ಬದಲು ಅಮ್ಮನ ಗುಂಡಿ ಡಬ್ಬಿ.

“ಕಲಂ ಹನ್ನೊಂದು ಅರ್ಧಕ್ಕೇ ನಿಂತಿದೆ,” ಅಂದರು ಗೋಡೆಗೆ. “ಡೀಲರ್ ಮನೆಗೆ ಬಂದಿದ್ದಾಯ್ತು. ಮತ್ತೆ ಹಂಚೋದು ಬಾಕಿ. ಊರಿಗೆಲ್ಲ ನಿಜ ಹೇಳೋ ಹುಡುಗಿಗೆ ಇದು ನೆನಪಿಲ್ವೇನೋ.”

ಡಾಕ್ಟರನ ಜಾಗಕ್ಕೆ ಅಮ್ಮನನ್ನು ಕೂರಿಸಿದ್ದಾರೆ. ಅವಳಿಗೆ ರಾಜ ಯಾವುದು ಗುಲಾಮ ಯಾವುದು ತಿಳಿಯದು. “ಗಡ್ಡ ಇರೋನು ದೊಡ್ಡೋನಾ?” ಅಂತ ಕೇಳುತ್ತಿದ್ದಾಳೆ. ಮುದುಕನಿಗೂ ಬುದ್ಧಿ ಇಲ್ಲ, ಇವಳಿಗೂ ಇಲ್ಲ.

ಕರೆಯುತ್ತಿದ್ದಾರೆ. ಕೈ ಒರೆಸಿಕೊಂಡೆ. ಮೊದಲು ಅಂಗೈ ತೋರಿಸಬೇಕು. ಅರ್ಧ ತೋಳಿನ ಅಂಗಿ ಹಾಕಿದ್ದೇನೆ. ಈ ಸಲ ಮುಚ್ಚಳಕ್ಕೆ ಸಿಕ್ಕುವ ತೋಳೇ ಇಲ್ಲ.