ನೀನು ಕೇಳಿದ ಫೋಟೋ

ಮಾರ್ಚ್ ೧೪, ಶನಿವಾರ
ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಬಡಬಡಿ,

ನಿನಗೆ, ನಿನ್ನ ಮಗಳಿಗೆ, ನಾನಿನ್ನೂ ಒಮ್ಮೆಯೂ ನೋಡಿರದ ನಿನ್ನ ಗಂಡನಿಗೂ ಅಕ್ಕನ ಆಶೀರ್ವಾದ. ನಿನ್ನ ಪತ್ರ ಬಂದು ನಾಲ್ಕು ತಿಂಗಳಾಯಿತು. ತಡವಾದರೆ ಕ್ಷಮೆ ಕೇಳುವುದು ರೂಢಿ. ಕೇಳಿದ್ದೇನೆ ಎಂದುಕೊಂಡು ಮುಂದೆ ಓದು. ಒಂಬತ್ತು ವರ್ಷ ತುಟಿ ಬಿಚ್ಚದೆ ಇದ್ದು, ಇದ್ದಕ್ಕಿದ್ದಂತೆ ಎರಡು ಪುಟ ಬರೆದು ಕಳಿಸಿದವಳು ನೀನು. ತಡದ ವಿಷಯಕ್ಕೆ ಬಂದರೆ ನಿನ್ನದೇ ಒಂದು ಕೈ ಮೇಲೆ. ಫೋನ್ ನಂಬರನ್ನೂ ಬರೆದಿದ್ದೀಯ, ನೋಡಿದೆ. ಫೋನಿನಲ್ಲಿ ನಿನ್ನ ಜೊತೆ ಮಾತಾಡಿ ಗೆದ್ದವರು ಯಾರಿದ್ದಾರೆ ಹೇಳು. ಕಾಗದವಾದರೆ ನಾನು ಹೇಳಿ ಮುಗಿಸುವವರೆಗೂ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನೀನು ಕೇಳಿದ್ದು ಒಂದೇ. ಅಪ್ಪ ಅಮ್ಮನ ಮದುವೆಗೆ ನಲವತ್ತು ವರ್ಷ ತುಂಬಿದ ದಿನ ನಾವು ನಾಲ್ಕೂ ಜನ ಮುಂದಿನ ಕೋಣೆಯಲ್ಲಿ ತೆಗೆದುಕೊಂಡ ಫೋಟೋ. ನೀನು ಮನೆ ಬಿಟ್ಟು ಹೋಗುವುದಕ್ಕೆ ಹತ್ತು ದಿನ ಮೊದಲಿನದು. "ಅಮ್ಮನ ಜೊತೆ ನಾನಿರೋ ಕೊನೇ ಫೋಟೋ ಅದು. ಅಜ್ಜಿ ಹೇಗಿದ್ರು ಅಂತ ಮಗಳು ದಿನಾ ಪ್ರಾಣ ತಿಂತಾಳೆ. ನೀವದನ್ನ ದೊಡ್ಡದು ಮಾಡಿಸಿ ಗೋಡೆಗೆ ಹಾಕಿದೀರಂತೆ, ಚಿಕ್ಕಮ್ಮ ಹೇಳಿದ್ರು. ನನಗೂ ಒಂದು ಕಳಿಸೇ" ಎಂದು ಬರೆದಿದ್ದೀಯ. ಅದು ಈ ಕವರಿನಲ್ಲಿಲ್ಲ. ಇರುವುದು ಬೇರೆ ಮೂರು. ಯಾಕೆ ಎಂದು ಹೇಳುವುದಕ್ಕೇ ಕೂತಿದ್ದೇನೆ. ಆದರೆ ಮೊದಲು ನನ್ನ ಜಗಳದ ಕಥೆ ಕೇಳಬೇಕು. ಆ ಜಗಳ ಆಗದಿದ್ದರೆ ಈ ಪತ್ರ ಇನ್ನೂ ನಾಲ್ಕು ತಿಂಗಳು ಮುಂದಕ್ಕೆ ಹೋಗುತ್ತಿತ್ತು.

ಮನೆ ನೀನು ಬಿಟ್ಟುಹೋದ ಹಾಗೇ ಇದೆ ಎಂದುಕೊಳ್ಳಬೇಡ. ಅಮ್ಮ ಹೋಗಿ ಎರಡು ವರ್ಷವಾಯಿತು. ಮುಂದಿನ ಕೋಣೆ ಈಗ ನನ್ನ ಸ್ಟುಡಿಯೋ. ಕಿಟಕಿಯ ಮೇಲಿನ ಸರಳಿಗೆ ಬಿಳಿ ಪರದೆ ಕಟ್ಟಿದ್ದೇನೆ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಅದರ ಮುಂದೆ ಕೂರುತ್ತಾರೆ, ಅವರೆದುರು ಅಪ್ಪ ಪೇಪರ್ ಹಿಡಿದು ಕೂರುತ್ತಾರೆ. "ಗಲ್ಲ ಸ್ವಲ್ಪ ಮೇಲೆ. ಹಾಂ, ಅಷ್ಟೇ. ಉಸಿರಾಡಿ, ಪರವಾಗಿಲ್ಲ" ಎಂದು ಬಂದವರಿಗೆಲ್ಲ ಅಪ್ಪಣೆ ಕೊಡುತ್ತಾರೆ. ಎಪ್ಪತ್ತೆಂಟಾಯಿತು, ಗಂಟಲು ಮಾತ್ರ ಹಾಗೇ ಇದೆ. ಜನ ಅವರನ್ನೇ ಫೋಟೋಗ್ರಾಫರ್ ಎಂದುಕೊಂಡು ನನ್ನನ್ನು "ಸಹಾಯಕ್ಕಿದೀರಾ?" ಎಂದು ಕೇಳುತ್ತಾರೆ. ಹೂಂ ಎಂದುಬಿಡುತ್ತೇನೆ.

ಹೊರಗಿನ ಕೆಲಸವೂ ಇದೆ. ಮದುವೆಗಳು, ಶಾಲೆಗಳು, ಅಂಗಡಿಯವರ ಚಪ್ಪಲಿ, ಚಮಚ, ಮಾರಾಟಕ್ಕಿಟ್ಟ ಮನೆಗಳ ಖಾಲಿ ಕೋಣೆಗಳು. ಮೊನ್ನೆ ಹಲ್ಲಿನ ಡಾಕ್ಟರೊಬ್ಬರಿಗಾಗಿ ಇಡೀ ದಿನ ಬರೀ ಬಾಯಿಗಳನ್ನು ತೆಗೆದೆ. ನನ್ನದು ಯಾರ ಕೈಕೆಳಗಿನ ಕೆಲಸವೂ ಅಲ್ಲ, ಹಾಗಾಗಿ ಕಂಡಕಂಡವರೆಲ್ಲ ನನಗೆ ಯಜಮಾನರು. ನಲವತ್ತಾರಕ್ಕೆ ಮೊಣಕಾಲು ಕಟಕಟ ಅನ್ನುತ್ತಿದೆ. ಆದರೂ ಮದುವೆಗಳಲ್ಲಿ ಏಣಿ ಹತ್ತುತ್ತೇನೆ. ಹತ್ತಿ ನಿಂತ ಕೂಡಲೇ ಕೆಳಗಿನಿಂದ ಯಾವಳಾದರೂ ಒಬ್ಬಳು "ನಿಮ್ಮದಿನ್ನೂ ಆಗಿಲ್ವಾ?" ಎಂದು ಕೇಳಿಯೇ ಕೇಳುತ್ತಾಳೆ. ಮುನ್ನೂರು ಮದುವೆಗಳನ್ನು ಅಷ್ಟು ಹತ್ತಿರದಿಂದ ನೋಡಿದವಳನ್ನು ಆ ಪ್ರಶ್ನೆ ಕೇಳಬಾರದು ಎನ್ನುವ ಬುದ್ಧಿ ಯಾರಿಗೂ ಇಲ್ಲ.

ಇನ್ನು ಜಗಳ. ಊರಾಚೆ ಮಾತ್ರೆ ಪ್ಯಾಕ್ ಮಾಡುವ ಒಂದು ಕಾರ್ಖಾನೆಯಿದೆ. ಏಳು ವರ್ಷದಿಂದ ಅಲ್ಲಿನ ಫೋಟೋ ಕೆಲಸವೆಲ್ಲ ನನ್ನದೇ. ಮನೆ ನಡೆಯುತ್ತಿದ್ದದ್ದು ಹೆಚ್ಚುಕಡಿಮೆ ಅದರ ಮೇಲೆಯೇ. ಕಾರ್ಖಾನೆಗೆ ಇಪ್ಪತ್ತೈದು ವರ್ಷ ತುಂಬಿತೆಂದು ಅರವತ್ತೆರಡು ಜನರನ್ನು ಮೆಟ್ಟಿಲ ಮೇಲೆ ನಾಲ್ಕು ಸಾಲು ನಿಲ್ಲಿಸಿ ಗ್ರೂಪ್ ಫೋಟೋ ತೆಗೆದೆ. ಅರವತ್ತೆರಡು ಜನರೂ ಒಟ್ಟಿಗೆ ಕಣ್ಣು ತೆರೆದಿರುವ ಗಳಿಗೆ ಈ ಲೋಕದಲ್ಲಿಲ್ಲ ಕಣೇ. ಅದಕ್ಕೇ ಹತ್ತು ಹನ್ನೆರಡು ಸಲ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಒಂದರಲ್ಲಿರುವ ಮುಖವನ್ನು ಇನ್ನೊಂದರಲ್ಲಿ ಕೂರಿಸುತ್ತೇವೆ. ರಜೆಯಲ್ಲಿದ್ದವರನ್ನೂ ತಂದು ನಿಲ್ಲಿಸುತ್ತೇವೆ. ಇದು ಮೋಸವೇ ಇರಬಹುದು, ಆದರೆ ಎಲ್ಲರಿಗೂ ಬೇಕಾದ ಮೋಸ.

ಎರಡು ವಾರದ ಮೇಲೆ ಅಲ್ಲಿನ ಮ್ಯಾನೇಜರ್ ಕರೆಸಿದ. ಮೇಜಿನ ಮೇಲೆ ಫೋಟೋ ಹರಡಿಕೊಂಡು ಪೆನ್ನಿನ ತುದಿಯಿಂದ ಒಂದು ಮುಖ ಮುಟ್ಟಿದ. "ಮೂರನೇ ಸಾಲು, ಎಡದಿಂದ ಐದನೆಯವಳು. ಇವಳನ್ನ ತೆಗೆದುಬಿಡಿ ಮೇಡಂ."

"ಯಾಕೆ?"

"ಈಗ ನಮ್ಮಲ್ಲಿಲ್ಲ ಇವಳು. ಪ್ಯಾಕಿಂಗ್‌ನಲ್ಲಿದ್ಲು. ಒಂಬತ್ತು ಗಂಟೆ ನಿಂತ್ಕೊಂಡು ಕೆಲಸ ಮಾಡೋಕಾಗಲ್ಲ, ಕೂರೋಕೆ ಸ್ಟೂಲ್ ಕೊಡಿ ಅಂತ ಎಲ್ಲಾ ಹೆಂಗಸರ ಹತ್ರ ಸಹಿ ಹಾಕಿಸಿದ್ಲು. ಕಳಿಸಿಬಿಟ್ವಿ. ಇದು ಆರಡಿ ಫೋಟೋ ಆಗಿ ಒಳಗಿನ ಗೋಡೆಗೆ ಹೋಗತ್ತೆ. ಉಳಿದವರು ದಿನಾ ಇವಳ ಮುಖ ನೋಡ್ಬೇಕಾ? ಒಂದು ತಲೆ ತಾನೇ, ನಿಮಗೆ ಎರಡು ನಿಮಿಷದ ಕೆಲಸ."

"ಎರಡಲ್ಲ, ಹತ್ತು. ಪಕ್ಕದವರ ಭುಜ ಮತ್ತೆ ಕೂರಿಸಬೇಕಾಗತ್ತೆ. ಆದರೆ ನಾನು ಮಾಡಲ್ಲ" ಎಂದೆ.

"ಯಾಕೆ, ಬರಲ್ವಾ?"

"ಈ ಊರಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಬರಲ್ಲ. ಅದಕ್ಕೇ ಮಾಡಲ್ಲ."

ಅವನು ಪೆನ್ನು ಕೆಳಗಿಟ್ಟ. ಅವಳು ನಿಮಗೇನಾಗಬೇಕು ಎಂದ. ಏನೂ ಆಗಬೇಕಿಲ್ಲ, ಅವತ್ತು ಅವಳು ಅಲ್ಲಿ ನಿಂತಿದ್ದಳು, ನಾನು ನೋಡಿದ್ದೇನೆ, ಅಷ್ಟೇ ಎಂದೆ. ಹಾಗಾದರೆ ಒರಿಜಿನಲ್ ಕೊಡಿ, ಬೇರೆಯವರ ಕೈಲಿ ಮಾಡಿಸುತ್ತೇನೆ ಎಂದ. ಕೊಡುವುದಿಲ್ಲ ಎಂದೆ. "ನಾಳೆಯಿಂದ ನೀವು ಈ ಕಡೆ ಬರೋದು ಬೇಡ" ಎಂದ. "ನಾಳೆವರೆಗೂ ಯಾಕೆ ಕಾಯೋದು" ಎಂದು ಎದ್ದು ಬಂದೆ. ಇಷ್ಟು ಜಂಬ ಕೊಚ್ಚಿದ ಮೇಲೆ ಇದನ್ನೂ ಹೇಳಬೇಕು: ಗೇಟಿನಾಚೆ ಸ್ಕೂಟರಿನ ಮೇಲೆ ಕೂತು ಮುಂದಿನ ತಿಂಗಳ ಖರ್ಚನ್ನು ಬೆರಳಲ್ಲಿ ಎಣಿಸಿದೆ. ಹತ್ತು ನಿಮಿಷ ಗಾಡಿ ಶುರು ಮಾಡಲಾಗಲಿಲ್ಲ.

ಮನೆಗೆ ಬಂದು ಹೇಳಿದರೆ ಅಪ್ಪ ಪೇಪರ್ ಮಡಚಿಟ್ಟು ಎದ್ದು ನಿಂತರು. "ಕೈಯಾರೆ ಅನ್ನಕ್ಕೆ ಕಲ್ಲು ಹಾಕ್ಕೊಂಡು ಬಂದ್ಯಾ? ಯಾರೋ ಒಬ್ಬಳ ಮುಖ. ತೆಗೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ನಿನಗೇನು ಅದು ಹೊಸದಾ?"

ಆ ಕೊನೆಯ ಮಾತು ಬಾಯಿ ತಪ್ಪಿ ಬಂತು. ಬಂದದ್ದು ಅವರಿಗೂ ಗೊತ್ತಾಯಿತು.

"ಹೊಸದಲ್ಲ ಅಪ್ಪ. ಅದಕ್ಕೇ ಈ ಸಲ ಆಗಲ್ಲ ಅಂದೆ. ನಾನು ಅವಳಿಗೆ ಕಾಗದ ಬರೀತೀನಿ."

"ಯಾರಿಗೆ?"

"ನಿಮ್ಮ ಚಿಕ್ಕ ಮಗಳಿಗೆ."

ಅವರು ಮತ್ತೆ ಪೇಪರ್ ಬಿಡಿಸಿದರು. ಬಿಡಿಸಿದ್ದು ತಲೆಕೆಳಗಾಗಿತ್ತು. "ಬರಿ. ನಾನು ಕೇಳಿದೆ ಅಂತ ಮಾತ್ರ ಬರೀಬೇಡ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ: ಅಪ್ಪ ನಿನ್ನನ್ನು ಕೇಳಲಿಲ್ಲ. ಇವತ್ತು ಬೆಳಿಗ್ಗೆಯಿಂದ ಮೂರು ಸಲ ನನ್ನ ಮೇಜಿನ ಹತ್ತಿರ ಬಂದು ಕೇಳದೆ ಹೋಗಿದ್ದಾರೆ.

ನಾನು ಗೆದ್ದೆ ಎಂದುಕೊಳ್ಳಬೇಡ. ಕಾರ್ಖಾನೆಯವರು ಬೇರೆ ಫೋಟೋಗ್ರಾಫರನ್ನು ಕರೆಸಿ ಅರವತ್ತೊಂದು ಜನರನ್ನು ಮತ್ತೆ ಮೆಟ್ಟಿಲ ಮೇಲೆ ನಿಲ್ಲಿಸಿದರು. ಅಷ್ಟೇ ಆಯಿತು. ಕಳೆದ ವಾರ ಆ ಎಡದಿಂದ ಐದನೆಯವಳೇ ನಮ್ಮನೆಗೆ ಬಂದಳು, ಹೊಸ ಕೆಲಸದ ಅರ್ಜಿಗೆ ಪಾಸ್‌ಪೋರ್ಟ್ ಫೋಟೋ ಬೇಕೆಂದು. ಗೇಟಿನ ಕಾವಲುಗಾರ ಎಲ್ಲ ಹೇಳಿದ್ದನಂತೆ. ನಾನು ಉಬ್ಬಿಹೋಗಿ ಆ ಗ್ರೂಪ್ ಫೋಟೋ ತಂದು ಅವಳ ಕೈಗಿಟ್ಟೆ. ಇನ್ನೇನು ಕಣ್ಣಲ್ಲಿ ನೀರು ತರುತ್ತಾಳೆ ಎಂದು ಕಾಯುತ್ತಿದ್ದೆ.

"ಅಯ್ಯೋ, ಕಣ್ಣು ಮುಚ್ಚಿದೀನಲ್ಲ ಮೇಡಂ!"

ಬಗ್ಗಿ ನೋಡಿದೆ. ಹೌದು. ಅರವತ್ತೆರಡರಲ್ಲಿ ಅದೊಂದೇ ನನ್ನ ಕಣ್ಣು ತಪ್ಪಿತ್ತು. ಅಪ್ಪ ನಕ್ಕ ನಗೆಗೆ ಕೆಮ್ಮು ಬಂದು, ಅವಳೇ ನೀರು ತಂದುಕೊಟ್ಟಳು. "ಇದಕ್ಕಾ ನೀವು ಕೆಲಸ ಕಳ್ಕೊಂಡಿದ್ದು? ಆ ಗೋಡೆ ಮೇಲೆ ಇರೋಕೆ ನನಗಿಷ್ಟ ಅಂತ ನಿಮಗೆ ಯಾರು ಹೇಳಿದ್ರು? ನನ್ನ ಒಂದ್ಮಾತು ಕೇಳಿದ್ರಾ?" ಎಂದಳು. ಆಮೇಲೆ ಅವಳೇ ಸ್ವಲ್ಪ ಹೊತ್ತು ಮುಖಗಳ ಮೇಲೆ ಬೆರಳಾಡಿಸಿ, "ಆದ್ರೂ ಒಂದು ಕೊಡಿ. ಇವರೆಲ್ಲ ನನ್ನ ಜೊತೆ ಹನ್ನೊಂದು ವರ್ಷ ಇದ್ದೋರು. ಕಣ್ಣು ಮಾತ್ರ ತೆರೆಸಿ ಕೊಡಿ" ಎಂದಳು. ತೆರೆಸಿ ಕೊಟ್ಟೆ. ಅವಳನ್ನು ಬಾಗಿಲವರೆಗೂ ಕಳಿಸಿ ಬಂದು ಕೂತಾಗ, ಮತ್ತೊಮ್ಮೆ ಅದೇ ಮ್ಯಾನೇಜರ್ ಕರೆದರೆ ಮತ್ತೆ ಅದನ್ನೇ ಹೇಳುತ್ತೇನೆ ಅನ್ನಿಸಿತು. ಅವಳಿಗೆ ಬೇಕಿತ್ತೋ ಬೇಡವೋ, ನನಗೆ ಬೇಕಿತ್ತು.

ಕವರಿನಲ್ಲಿರುವ ಮೂರೂ ಅಮ್ಮನವೇ. ಕಿಟಕಿಯ ಹತ್ತಿರ ಸೂಜಿಗೆ ದಾರ ಪೋಣಿಸುತ್ತಿರುವುದು ಒಂದು. ಕನ್ನಡಕ ಹಾಕಿಕೊಂಡೇ ನಿದ್ದೆ ಹೋಗಿರುವುದು ಇನ್ನೊಂದು. ಮೂರನೆಯದರಲ್ಲಿ "ಸಾಕು ಹೋಗೇ" ಎಂದು ಕ್ಯಾಮೆರಾಕ್ಕೆ ಕೈ ಅಡ್ಡ ಹಿಡಿದಿದ್ದಾಳೆ. ಮುಖ ಅರ್ಧವೇ ಕಾಣುತ್ತದೆ, ಆದರೆ ಅಜ್ಜಿ ಹೇಗಿದ್ದರು ಎಂದು ಮಗಳು ಕೇಳಿದರೆ ಅದನ್ನೇ ತೋರಿಸು. ಇವುಗಳಲ್ಲಿ ನೀನಿಲ್ಲ, ಗೊತ್ತು. ನೀನು ಕೇಳಿದ್ದನ್ನು ಇವತ್ತು ಬೆಳಿಗ್ಗೆ ಗೋಡೆಯಿಂದ ಇಳಿಸಿದೆ. ಅಪ್ಪ ನೋಡಿದರು, ಬೇಡ ಎನ್ನಲಿಲ್ಲ. ಅದು ನಿನಗೆ ಕಳಿಸುವಂಥದ್ದಲ್ಲ.

ಮಗಳನ್ನು ಕರೆದುಕೊಂಡು ಬಾ. ಗಂಡನನ್ನೂ ಕರೆದುಕೊಂಡು ಬಾ. ಅಪ್ಪ ಏನನ್ನುತ್ತಾರೋ ಎಂದು ಅಲ್ಲಿ ಕೂತು ಯೋಚಿಸಬೇಡ. ಈ ಮನೆಯ ಬಾಗಿಲು ತೆಗೆಯುವವಳು ನಾನು. ಅವರು ಒಳಗೆ ಬಿಡಲ್ಲ ಎಂದು ಹಟ ಹಿಡಿದರೆ ಬೀದಿಯಲ್ಲೇ ನಾಲ್ಕು ಕುರ್ಚಿ ಹಾಕಿ, ಅಕ್ಕಪಕ್ಕದವರೆಲ್ಲ ನೋಡುವ ಹಾಗೆ ನಿಮ್ಮ ಫೋಟೋ ತೆಗೆಯುತ್ತೇನೆ. ನಿನ್ನ ಮನೆ ತಣ್ಣಗಿರಲಿ. ನಿನ್ನ ಮಗಳು ನಿನ್ನ ಹಾಗೆ ಬಾಯಿಬಡುಕಿಯಾಗಲಿ, ಯಾರ ಮಾತಿಗೂ ಬಗ್ಗದಿರಲಿ.

ನಿನ್ನ
ಅಕ್ಕ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಚ್ಚಿದ್ದೇನೆ. ಹೇಳುತ್ತೇನೆ ಎಂದು ಹೊರಟು ಹೇಳದೆ ಜಾರಿಕೊಂಡರೆ ಆ ಮ್ಯಾನೇಜರ್ ಎದುರು ಆಡಿದ್ದಕ್ಕೆಲ್ಲ ಅರ್ಥವಿಲ್ಲ.

ಗೋಡೆಯ ಮೇಲಿದ್ದ ಆ ಫೋಟೋದಲ್ಲಿ ನೀನಿಲ್ಲ. ಚಿಕ್ಕಮ್ಮ ಅದನ್ನು ನಿನಗೆ ಹೇಳಲಿಲ್ಲ, ಅದು ಅವರ ಒಳ್ಳೆಯತನ. ನೀನು ಹೋದ ಮೂರನೇ ದಿನ ಅಪ್ಪ ನನ್ನ ಕುರ್ಚಿಯ ಹಿಂದೆ ಬಂದು ನಿಂತು "ಅವಳನ್ನ ತೆಗಿ" ಎಂದರು. ತೆಗೆದೆ. ಹೇಳಿದ್ದು ಅವರು, ಕೈ ನನ್ನದು. ಆಮೇಲೆ ಅವತ್ತು ತೆಗೆದಿದ್ದ ಹನ್ನೊಂದು ಒರಿಜಿನಲ್‌ಗಳನ್ನೂ ಅಳಿಸಿಹಾಕಿದೆ. ಅದನ್ನು ಅಪ್ಪ ಹೇಳಿರಲಿಲ್ಲ. ಈ ಮನೆಯನ್ನು ನನ್ನೊಬ್ಬಳ ತಲೆಗೆ ಕಟ್ಟಿ, ನನಗೊಂದು ಮಾತೂ ಹೇಳದೆ ಹೋದೆಯಲ್ಲ ಎಂದು ನನಗೇ ಅಷ್ಟು ಸಿಟ್ಟಿತ್ತು.

ಅವತ್ತು ಅಮ್ಮನ ಪಕ್ಕ ಬಗ್ಗಿ ನಿಂತಿದ್ದವಳು ನೀನು. ಟೈಮರ್ ಒತ್ತಿ ಓಡಿ ಬಂದ ನಾನು ತುದಿಯಲ್ಲಿದ್ದೆ. ನಿನ್ನನ್ನು ತೆಗೆದ ಮೇಲೆ ನಡುವೆ ಖಾಲಿ ಉಳಿಯಿತು. ಅಲ್ಲಿಗೆ ನನ್ನನ್ನೇ ಸರಿಸಿ ತಂದು ನಿಲ್ಲಿಸಿದೆ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ. ಅಮ್ಮ ನಿನ್ನ ಕಡೆ ತಿರುಗಿ ಬಾಯಿ ತುಂಬ ನಗುತ್ತಿದ್ದಳು. ಆಮೇಲೆ ನೋಡಿದವರಿಗೆಲ್ಲ ಅವಳು ನನ್ನ ಕಡೆ ತಿರುಗಿ ನಗುತ್ತಿರುವ ಹಾಗೇ ಕಂಡಿತು.

ಕೊನೆಯ ತಿಂಗಳು ಅವಳ ಮಂಚವನ್ನು ಮುಂದಿನ ಕೋಣೆಗೇ ತಂದಿದ್ದೆವು. ಎದುರು ಗೋಡೆಯಲ್ಲಿ ಆ ಫೋಟೋ. ಒಂದು ಮಧ್ಯಾಹ್ನ "ಅವತ್ತು ನಾನ್ಯಾಕೆ ಅಷ್ಟೊಂದು ನಗ್ತಿದ್ದೆ?" ಎಂದು ಕೇಳಿದಳು. "ನಾನೇನೋ ಹೇಳಿದ್ದೆ ಅಮ್ಮ" ಎಂದೆ. ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. "ನೀನಾ? ನಿನಗೆಲ್ಲಿ ನಗಿಸೋಕೆ ಬರತ್ತೆ" ಎಂದು ಮಗ್ಗುಲು ಬದಲಿಸಿದಳು. ಅದಾದ ಮೇಲೆ ಆ ವಿಷಯ ಎತ್ತಲೇ ಇಲ್ಲ.

ಆ ಫೋಟೋವನ್ನು ನಾನು ಮತ್ತೆ ಮಾಡಿಕೊಡಲಾರೆ. ಬೈಯಿ, ಈ ಕಾಗದ ಹರಿದುಹಾಕು, ಬರಬೇಡ ಅನ್ನಿಸಿದರೆ ಬರಬೇಡ. ಒಂದೇ ಒಂದು ಸಾಲು ಮಾತ್ರ ಬರೆದು ಕಳಿಸು. ಅವತ್ತು ನೀನು ಅಮ್ಮನ ಕಿವಿಯಲ್ಲಿ ಏನು ಹೇಳಿದೆ? ನಾನು ತುದಿಯಲ್ಲಿದ್ದೆ, ನನಗೆ ಕೇಳಿಸಲಿಲ್ಲ.