ಆದಮ್ಮನ ಕೈಯ ಗಂಜಿ

ಮಸ್ಕಿ, ೧೯೯೧

ಅಕ್ಕ,

ನೀನು ತೀರಿಕೊಂಡು ಐದು ತಿಂಗಳಾಯಿತು. ಆದರೂ ನಿನ್ನೆ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ನನ್ನ ಮಗಳು ದ್ಯಾಮವ್ವನಿಗೆ ಒಂಬತ್ತು ವರ್ಷ ತುಂಬಿತು. ಈಗಲೂ ನಡೆಯಲಾರಳು, ಮಾತಾಡಲಾರಳು. ಗಂಜಿ ಕುಡಿಸಲು ಒಂದು ತಾಸು ಬೇಕು. ನಿನ್ನೆ ಪಕ್ಕದ ಮನೆಯ ಆದಮ್ಮ ಬಂದು, "ನಾ ನೋಡ್ಕೊಂತೀನಿ, ನಮ್ಮ ಮನ್ಯಾಗ ಮಕ್ಕೋ ಹೋಗವ್ವ" ಎಂದಳು. ನೀನು ಬರುವುದು ನಿಂತ ಮೇಲೆ ನಾನು ಹಗಲು ಕಣ್ಣು ಮುಚ್ಚಿದ್ದು ಇದೇ ಮೊದಲು.

ಎಚ್ಚರವಾದದ್ದು ಗೋಡೆಯಾಚೆ ಮಗಳು ಕೇಕೆ ಹಾಕಿ ನಗುವ ಸದ್ದಿಗೆ. ನನ್ನ ಜೊತೆ ಅವಳು ಹಾಗೆ ನಕ್ಕಿದ್ದೇ ಇಲ್ಲ. ಓಡಿಬಂದೆ.

"ಎರಡು ಬಟ್ಲ ಗಂಜಿ ಕುಡಿದಾಳ ನೋಡವ್ವ!" ಎಂದು ಆದಮ್ಮ ಹಿಗ್ಗುತ್ತಿದ್ದಳು. ನನ್ನ ಹೊಟ್ಟೆ ಉರಿದುಹೋಯಿತು.

ನೀನು ಸಂತೆಕಲ್ಲೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದಾಗಲೂ ಹೀಗೇ ಉರಿಯುತ್ತಿತ್ತು. ದ್ಯಾಮವ್ವ ನಿನ್ನ ಕೈತುತ್ತಿಗೆ ಬಾಯಿ ತೆರೆದ ದಿನವೇ, "ಇನ್ಮ್ಯಾಲೆ ಬರಬ್ಯಾಡ, ನನ್ನ ಮಗಳನ್ನ ನಾ ಸಾಕ್ತೀನಿ" ಎಂದುಬಿಟ್ಟೆ. ನೀನು ಚೀಲ ಎತ್ತಿಕೊಂಡು ಬಸ್ಸಿಗೆ ಹೋದೆ; ನಾನು ಮತ್ತೆ ಕರೆಯಲೇ ಇಲ್ಲ.

ನಿನ್ನೆಯೂ ಅದೇ ಮಾತು ಬಾಯಿತುದಿಗೆ ಬಂತು. ಮಗಳ ಗಲ್ಲ ಒರೆಸುತ್ತ ಅದನ್ನು ನುಂಗಿಕೊಂಡೆ.

"ಐತವಾರ ಮತ್ತ ಬರ್ತಿಯೇನಬೇ?" ಎಂದು ಕೇಳಿದೆ.

"ಯಾಕ ಬರಲ್ಲ?" ಎಂದಳು ಆದಮ್ಮ.

ಅಷ್ಟು ಸುಲಭವಿತ್ತು, ಅಕ್ಕ.